ಮುನಿಯಕ್ಕ ನೋಡುವ ಒಂದೇ ಸಾಲು

ಮುನಿಯಕ್ಕನಿಗೆ ಓದಲು ಬರುವುದಿಲ್ಲ. ಆದರೂ ತಿಂಗಳ ಏಳನೇ ತಾರೀಖು ಕಳೆಯಿತೆಂದರೆ ಪೀಣ್ಯ ಎರಡನೇ ಹಂತದಲ್ಲಿ ತಗಡು ಒತ್ತುವ ಪ್ರೆಸ್ ಕಾರ್ಮಿಕರು ಅವರ ಅಂಬಲಿ ಗಾಡಿಯ ಮುಂದೆ ಸಂಬಳದ ಚೀಟಿ ಹಿಡಿದು ನಿಲ್ಲುತ್ತಾರೆ.

ಬೆಳಿಗ್ಗೆ ಐದೂವರೆ. ಮೊದಲ ಪಾಳಿ ಶುರುವಾಗಲು ಇನ್ನೂ ಅರ್ಧ ಗಂಟೆ ಇದೆ. ಲಗ್ಗೆರೆಯಿಂದ ತಳ್ಳಿಕೊಂಡು ಬಂದ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟು, ಗೋಣಿ ಬಿಚ್ಚಿ, ಮುನಿಯಕ್ಕ ಐಸ್ ಗಡ್ಡೆ ಒಡೆಯುತ್ತಾರೆ. ದೊಡ್ಡ ಚೂರುಗಳು ಮಜ್ಜಿಗೆ ಕ್ಯಾನಿನ ಸುತ್ತ ಹೋಗುತ್ತವೆ. ಸಣ್ಣವು ಗಾಡಿಯ ಕೆಳಗಿರುವ ಥರ್ಮಾಕೋಲ್ ಪೆಟ್ಟಿಗೆಗೆ. ಆ ಪೆಟ್ಟಿಗೆಗೂ ಮಜ್ಜಿಗೆಗೂ ಸಂಬಂಧವಿಲ್ಲ. ಅದರ ಪಕ್ಕದಲ್ಲಿ ಕುದಿಸಿ ಒಣಗಿಸಿದ ಪಂಚೆಯ ತುಂಡುಗಳಿವೆ, ಕಾಯಿಸಿ ಆರಿಸಿದ ನೀರಿನ ಬಾಟಲಿ ಇದೆ, ಒಂದಿಷ್ಟು ಪ್ಲಾಸ್ಟಿಕ್ ಕವರುಗಳಿವೆ. ಇದೆಲ್ಲ ಪ್ರೆಸ್ಸಿಗೆ ಸಿಕ್ಕಿ ಬೆರಳು ತುಂಡಾದವರಿಗೆ.

ಚೀಟಿ ಚಾಚಿದ ಒಬ್ಬ ನಗುತ್ತಾನೆ. “ಏನಕ್ಕಾ, ಹೆಣ್ಣು ಕೊಡೋರ ಥರ ಸಂಬಳ ವಿಚಾರಿಸ್ತೀಯ?”

“ನಿಂಗೆ ಎಣ್ಣು ಕೊಡಾಕೆ ನಂಗೇನ್ ತಲೆ ಕೆಟ್ಟೈತಾ? ಸಂಬ್ಳ ಯಾರಿಗ್ ಬೇಕು. ಇ.ಎಸ್.ಐ. ಇಡ್ದವ್ರಾ ತೋರ್ಸು.”

ಅವರು ನೋಡುವುದು ಕೆಳಗಿನಿಂದ ಮೂರನೆಯ ಸಾಲು ಮಾತ್ರ. ಅಲ್ಲಿ ಅಂಕಿ ಇದ್ದರೆ ಅಂಬಲಿ ಲೋಟ ಮುಂದೆ ಬರುತ್ತದೆ. ಸೊನ್ನೆ ಇದ್ದರೆ ಅಂಬಲಿಯ ಜೊತೆ ಒಂದು ಮಾತೂ ಬರುತ್ತದೆ. “ಕೈ ಓದ್ರೆ ನಿಂಗ್ ಯಾವ್ ಆಸ್ಪತ್ರೆ ಅಂತ ಇವತ್ತೇ ಆಪೀಸ್ನಾಗೆ ಕೇಳ್ಕೊಂಡ್ ಬಾ.”

ಐವತ್ತನಾಲ್ಕರ ಮುನಿಯಕ್ಕ ಲಗ್ಗೆರೆಯ ಹಳೇ ಊರಿನವರು. ಏಳುವುದು ಮೂರೂವರೆಗೆ. ದಿನಕ್ಕೆ ಮೂವತ್ತು ಲೀಟರ್ ರಾಗಿ ಅಂಬಲಿ, ಇಪ್ಪತ್ತು ಲೀಟರ್ ಮಜ್ಜಿಗೆ, ಅರ್ಧ ಗಡ್ಡೆ ಐಸ್. ಎಡ ಮೊಣಕೈ ಸರಿಯಾಗಿ ಮಡಚುವುದಿಲ್ಲ. ಯಾರಿಗೂ ತೋರಿಸಿಲ್ಲ.

ಪೆಟ್ಟಿಗೆ ಇಡಲು ಶುರು ಮಾಡಿದ್ದು 2008ರಲ್ಲಿ, ಒಂದು ತಪ್ಪಿನಿಂದ. ನಿಂಗಪ್ಪ ಎಂಬ ಕಾರ್ಮಿಕ ತುಂಡಾದ ತೋರುಬೆರಳನ್ನು ಅಂಗೈಯಲ್ಲಿಟ್ಟುಕೊಂಡು ಕಾರ್ಖಾನೆಯ ಗೇಟಿನಿಂದ ಓಡಿ ಬಂದಿದ್ದ. ಆ ರಸ್ತೆಯಲ್ಲಿ ಐಸ್ ಇದ್ದದ್ದು ಇವರ ಬಳಿ ಮಾತ್ರ. ಮುನಿಯಕ್ಕ ಬೆರಳನ್ನು ನೇರವಾಗಿ ಐಸ್ ನೀರಿಗೆ ಹಾಕಿಕೊಟ್ಟರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅದು ಬೆಳ್ಳಗೆ ಸುರುಟಿಕೊಂಡಿತ್ತು. ಹೀಗೆ ತಂದರೆ ಜೋಡಿಸಲು ಬರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕವರಿಗೆ ಹಾಕಿ ಆ ಕವರನ್ನು ಐಸ್ ಮೇಲೆ ಇಡಬೇಕು ಎಂದು ವೈದ್ಯರು ಬೈದರಂತೆ. ನಿಂಗಪ್ಪ ಬಂದು ಹೇಳಿದ. ಮಾರನೆಯ ದಿನವೇ ಪೆಟ್ಟಿಗೆ ಬಂತು.

ಪ್ರೆಸ್ ಯಂತ್ರಕ್ಕೆ ಎರಡು ಗುಂಡಿಗಳಿರುತ್ತವೆ. ಎರಡೂ ಕೈಯಿಂದ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು. ಆಗ ಕೈ ಒಳಗೆ ಹೋಗಲಾರದು. ಆದರೆ ಹಾಗೆ ಒತ್ತುತ್ತ ಕೂತರೆ ಪಾಳಿಯ ಲೆಕ್ಕ ಮುಟ್ಟುವುದಿಲ್ಲ. ಆದ್ದರಿಂದ ಒಂದು ಗುಂಡಿಗೆ ನಾಣ್ಯ ಸಿಕ್ಕಿಸುತ್ತಾರೆ. ಇದು ಕಾರ್ಮಿಕರಿಗೆ ಗೊತ್ತು, ಮೇಲ್ವಿಚಾರಕರಿಗೆ ಗೊತ್ತು, ಅಂಬಲಿ ಮಾರುವವರಿಗೂ ಗೊತ್ತು.

ಬೆರಳು ಹೋದವನಿಗೆ ಮುನಿಯಕ್ಕ ಕೇಳುತ್ತಿದ್ದ ಮೊದಲ ಪ್ರಶ್ನೆ “ಯಾವ್ ಕಾರ್ಡು?” ಒಂದೇ ಗೇಟಿನೊಳಗೆ ಮೂರು ಥರದ ಜನರಿದ್ದಾರೆ. ಹೋದ ವರ್ಷದವರೆಗೆ ಹದಿನೈದು ಸಾವಿರದೊಳಗಿನ ಸಂಬಳದವರಿಗೆ ಇ.ಎಸ್.ಐ.: ಸಂಬಳದಿಂದ ಒಂದು ಪಾಲು, ಮಾಲೀಕರಿಂದ ಇನ್ನೊಂದು ಪಾಲು ಹಿಡಿದು ನಡೆಸುವ ಸರ್ಕಾರಿ ವಿಮೆ. ಅದಕ್ಕಿಂತ ಮೇಲಿನವರಿಗೆ ಕಂಪನಿ ಮಾಡಿಸುವ ಖಾಸಗಿ ಪಾಲಿಸಿ. ಕಂಟ್ರಾಕ್ಟ್ ಮೇಲಿನ ಬಹಳ ಜನರಿಗೆ ಯಾವುದೂ ಇಲ್ಲ, ಸರ್ಕಾರಿ ಆಸ್ಪತ್ರೆಯೇ ಗತಿ. ಉತ್ತರ ನೋಡಿಕೊಂಡು ಆಟೋ ಯಾವ ಕಡೆ ತಿರುಗಬೇಕೆಂದು ಮುನಿಯಕ್ಕ ಹೇಳುತ್ತಿದ್ದರು. ಆಟೋ ಸೊಣ್ಣಪ್ಪನವರದು. ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರು, ಇ.ಎಸ್.ಐ. ಕಾರ್ಡ್ ಉಳಿಸಿಕೊಂಡವರು.

ಆ ಪ್ರಶ್ನೆ ಸಾಲದು ಎಂದು ತಿಳಿದದ್ದು ಹೋದ ವರ್ಷ ಮೇ ಹದಿನೇಳರಂದು.

ಚಿಕ್ಕಬಾಣಾವರದ ಮುನೀಂದ್ರನಿಗೆ ಇಪ್ಪತ್ತಾರು ವಯಸ್ಸು. ಏಪ್ರಿಲ್‌ನಿಂದ ಅವನ ಸಂಬಳ ಹದಿನಾಲ್ಕು ಸಾವಿರದ ಇನ್ನೂರರಿಂದ ಹದಿನೈದು ಸಾವಿರದ ನಾನೂರಕ್ಕೆ ಏರಿತ್ತು. ಮೇ ಏಳರಂದು ಕೈಗೆ ಬಂದ ಚೀಟಿಯಲ್ಲಿ ಇ.ಎಸ್.ಐ. ಹಿಡಿದಿರಲಿಲ್ಲ. ಇನ್ನೂರ ಎಪ್ಪತ್ತು ರೂಪಾಯಿ ಉಳಿಯಿತೆಂದು ಗಾಡಿಯ ಮುಂದೆ ಮೈಸೂರು ಪಾಕ್ ಹಂಚಿದ. ಮುನಿಯಕ್ಕ ಒಂದು ಚೂರು ತಿಂದರು, ಏನೂ ಕೇಳಲಿಲ್ಲ.

ಹತ್ತು ದಿನದ ಮೇಲೆ, ಬೆಳಿಗ್ಗೆ ಏಳು ಹತ್ತಕ್ಕೆ, ಅವನ ಬಲಗೈ ಹೆಬ್ಬೆರಳು ಬುಡದಿಂದ ಹೋಯಿತು. ಹತ್ತು ನಿಮಿಷದೊಳಗೆ ಅದು ಪೆಟ್ಟಿಗೆಯಲ್ಲಿತ್ತು. “ಯಾವ್ ಕಾರ್ಡಪ್ಪ?” ಎಂದದ್ದಕ್ಕೆ ಅವನು ಅಭ್ಯಾಸದಿಂದ “ಇ.ಎಸ್.ಐ. ಅಕ್ಕ” ಎಂದ. ಮುನಿಯಕ್ಕ ಗಾಡಿ ಬಿಟ್ಟು, ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದರು.

ಇ.ಎಸ್.ಐ. ಆಸ್ಪತ್ರೆಯವರು ಗಾಯಕ್ಕೆ ಪಟ್ಟಿ ಕಟ್ಟಿದರು, ಚುಚ್ಚುಮದ್ದು ಕೊಟ್ಟರು. ಕಂಪ್ಯೂಟರಿನಲ್ಲಿ ಏಪ್ರಿಲ್ ಒಂದರಿಂದ ಅವನ ಹೆಸರಿರಲಿಲ್ಲ. ಕಂಪನಿಯ ಆಫೀಸಿನಲ್ಲಿ ಫೋನ್ ಎತ್ತಿದ್ದು ಒಂಬತ್ತೂವರೆಗೆ. ಈಗ ನಿನ್ನದು ಖಾಸಗಿ ಪಾಲಿಸಿ, ಅಲ್ಲಿಗೆ ಹೋಗು ಎಂದರು. ಖಾಸಗಿ ಆಸ್ಪತ್ರೆಯ ವಿಮಾ ಕೌಂಟರಿನಲ್ಲೂ ಹೆಸರಿರಲಿಲ್ಲ. ಕಂಪನಿ ಹೊಸ ಪಟ್ಟಿ ಕಳಿಸಿದ್ದು ಮೇ ಹತ್ತಕ್ಕೆ. ಅದಿನ್ನೂ ವಿಮೆಯವರ ದಾಖಲೆಗೆ ಏರಿರಲಿಲ್ಲ.

ಶಸ್ತ್ರವೈದ್ಯರು ಕವರು ಬಿಚ್ಚಿ ನೋಡಿದರು. “ಚೆನ್ನಾಗಿ ತಂದಿದ್ದೀರಮ್ಮ, ಜೋಡಿಸಬಹುದು,” ಎಂದರು. ಖರ್ಚು ಎರಡು ಲಕ್ಷದ ಮೇಲೆ, ಅರ್ಧ ಮುಂಚಿತವಾಗಿ. ಗಾಯ ಹೊಲಿಸುವಷ್ಟು ಮಾತ್ರ ಕೊಡುತ್ತೇವೆ, ಗುಂಡಿಗೆ ನಾಣ್ಯ ಸಿಕ್ಕಿಸಿದ್ದು ಅವನೇ ಎಂದಿತು ಕಂಪನಿ. ಅವನ ಅಕ್ಕ ಗೌರಿ ಸರ ಅಡವಿಟ್ಟು ಬಂದರೂ ಅರ್ಧಕ್ಕೆ ಅರ್ಧವೂ ಆಗಲಿಲ್ಲ. ಅಲ್ಲಿಯವರೆಗೆ ಮುನಿಯಕ್ಕ ಎದುರಿನ ಜ್ಯೂಸ್ ಅಂಗಡಿಯಿಂದ ಮೂರು ಸಲ ಐಸ್ ಬದಲಾಯಿಸಿದ್ದರು. ಮೂರು ಗಂಟೆಗೆ ಬೆರಳು ಜೋಡಿಸದೆ ಗಾಯ ಹೊಲಿದು ಮುಗಿಸಿದರು.

“ಬೆಳ್ಳು ಕೆಟ್ಟಿರ್ನಿಲ್ಲ,” ಎನ್ನುತ್ತಾರೆ ಮುನಿಯಕ್ಕ. “ಕಾರ್ಡ್ ಕೆಟ್ಟಿತ್ತು. ಮೈಸೂರ್ ಪಾಕ್ ತಿಂದಾಗ್ಲೇ ಕೇಳ್ಬೇಕಾಗಿತ್ತು ನಾನು.”

ಮುನೀಂದ್ರ ಈಗ ಗೋಡೌನ್ ಒಂದರ ಕಾವಲಿಗಿದ್ದಾನೆ. ಪರಿಹಾರದ ಅರ್ಜಿ ಕಾರ್ಮಿಕ ಕಚೇರಿಯಲ್ಲಿದೆ. ಈ ಜನವರಿಯಿಂದ ಇ.ಎಸ್.ಐ. ಮಿತಿ ಇಪ್ಪತ್ತೊಂದು ಸಾವಿರಕ್ಕೆ ಏರಿದೆ. ಎಂಟು ತಿಂಗಳು ಮೊದಲೇ ಏರಿದ್ದರೆ ಅವನು ಅದರೊಳಗೆ ಇರುತ್ತಿದ್ದ.

ಗಾಡಿಯ ಸುತ್ತ ಇದರ ವಾದ ಇನ್ನೂ ಮುಗಿದಿಲ್ಲ. ಕಾರ್ಖಾನೆಯ ಗುಣಮಟ್ಟ ವಿಭಾಗದ ಮ್ಯಾನೇಜರ್ ಸಿದ್ದಲಿಂಗಯ್ಯ ದಾವಣಗೆರೆಯವರು, ದಿನಾ ಮಜ್ಜಿಗೆಗೆ ಬರುತ್ತಾರೆ. “ಇ.ಎಸ್.ಐ. ಮುಚ್ಚಿ ಎಲ್ಲರಿಗೂ ಪಾಲಿಸಿ ಕೊಡ್ಲಿ ನೋಡ್ರಿ. ನಮ್ಮವ್ವಂದು ಮೊಣಕಾಲು ಆಪರೇಷನ್ ಆತು, ಕೈಯಿಂದ ಒಂದ್ ರೂಪಾಯಿ ಹಾಕಲಿಲ್ಲ.”

“ಇನ್ನೊಂದ್ ಮೊಣಕಾಲೂ ಮಾಡ್ಸಿ ಸಾರ್,” ಎನ್ನುತ್ತಾರೆ ಸೊಣ್ಣಪ್ಪ. “ನಿಮ್ ಪಾಲಿಸಿ ಮೂರು ಲಕ್ಷ ಅಲ್ಲಿಗ್ ಮುಗೀತು. ನಮ್ ಮನೆಯವ್ಳಿಗೆ ನಾಕ್ ವರ್ಷದಿಂದ ವಾರಕ್ಕೆರಡು ಡಯಾಲಿಸಿಸ್. ಎಲ್ಲಿಗ್ ಮುಗೀತದೆ ಅಂತ ಇ.ಎಸ್.ಐ.ನೋರು ಇನ್ನೂ ಹೇಳಿಲ್ಲ.”

“ಮತ್ತೆ ಆ ಕ್ಯೂ?”

“ನಿಲ್ತೀವಿ. ಕಾಲ್ ಐತಲ್ಲ.”

ಮುನಿಯಕ್ಕ ಲೋಟ ತೊಳೆಯುತ್ತಲೇ ಬಾಯಿ ಹಾಕುತ್ತಾರೆ. “ನೀವಿಬ್ರೂ ಕಾರ್ಡ್ ಇರೋರು ಜಗ್ಳ ಆಡ್ತೀರ. ಒಂದ್ ಕಾರ್ಡ್ ಓಗಿ ಇನ್ನೊಂದ್ ಬರೋಗಂಟ ಯಾರ್ ನೋಡ್ತಾರೆ, ಅದೇಳಿ.”

ಸೈರನ್ ಆಗುತ್ತದೆ, ಸಿದ್ದಲಿಂಗಯ್ಯ ಲೋಟ ಇಟ್ಟು ಒಳಗೆ ಹೋಗುತ್ತಾರೆ.

ಮುನೀಂದ್ರನ ಬೆರಳು ಹೋದ ಮೇಲೆ ಶುರುವಾದ ಚೀಟಿ ನೋಡುವುದನ್ನು ಮಿತಿ ಏರಿದ ಮೇಲೂ ಮುನಿಯಕ್ಕ ಬಿಟ್ಟಿಲ್ಲ. ಸಂಬಳವೂ ಏರುತ್ತದೆ, ಮತ್ತೊಬ್ಬ ಯಾರೋ ಗೆರೆ ದಾಟುತ್ತಾನೆ. ಈ ತಿಂಗಳು ಸೊನ್ನೆ ಕಂಡದ್ದು ನಾಲ್ವರ ಚೀಟಿಯಲ್ಲಿ. ಮೂವರು ಆಫೀಸಿನಲ್ಲಿ ವಿಚಾರಿಸಿ ಬಂದಿದ್ದಾರೆ. ನಾಲ್ಕನೆಯವನಿಗೆ ದಿನಾ ನೆನಪಿಸಬೇಕು.

ತಮ್ಮ ಕೆಲಸದ ಬಗ್ಗೆ ಕೇಳಿದರೆ ಮುನಿಯಕ್ಕ ಹೆಚ್ಚು ಮಾತಾಡುವುದಿಲ್ಲ. “ನಿಂಗಪ್ಪಂದ್ ಆದ್ಮೇಲೆ ಐಸ್ ಸರ್ಯಾಗ್ ಇಟ್ಟಿಲ್ಲ ಅಂತ ಯಾವ್ ಡಾಕ್ಟ್ರೂ ಅಂದಿಲ್ಲ.”

ಒಂಬತ್ತು ವರ್ಷದಲ್ಲಿ ಅವರ ಕೈಯಿಂದ ಐಸ್‌ನಲ್ಲಿ ಆಸ್ಪತ್ರೆಗೆ ಹೋದ ಬೆರಳುಗಳು ಹದಿನೇಳು. ಆರನ್ನು ಜೋಡಿಸಿದ್ದಾರೆ. ಹನ್ನೊಂದು ಹೋಗಿವೆ: ಐದು ತೋರುಬೆರಳು, ಮೂರು ನಡುಬೆರಳು, ಎರಡು ಕಿರುಬೆರಳು, ಒಂದು ಹೆಬ್ಬೆರಳು.