ಶಹಾಬಾದದಲ್ಲಿ ಉಣಿಸಲು ಕಲಿತೆ

ಶಹಾಬಾದಿಗೆ ಬಂದ ಮೊದಲ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಬೀದಿಯೆಲ್ಲ ಬೆಳ್ಳಗಿತ್ತು. ಬೇವಿನ ಗಿಡ ಬಿಳಿ, ಅದರ ಕೆಳಗೆ ಕಟ್ಟಿದ ಎಮ್ಮೆಯ ಬೆನ್ನೂ ಬಿಳಿ. ಬ್ಯಾಸಗ್ಯಾಗ ಎಂಥ ಮಂಜು ಎಂದು ಕಟ್ಟೆಯ ಮೇಲೆ ಕೈಯಾಡಿಸಿದೆ. ಹಿಟ್ಟಿನಂತೆ ಅಂಟಿತು. ಕಲ್ಲಿನ ಪುಡಿ. ನಮ್ಮ ಐನಾಪುರದಲ್ಲಿ ಸೆಗಣಿ ಸಾರಿಸಿದ ನೆಲ. ಇಲ್ಲಿ ನೆಲ, ಗೋಡೆ, ಮಾಳಿಗೆ ಎಲ್ಲ ಫರ್ಸಿ. ಫರ್ಸಿ ಎಂದರೆ ಗಣಿಯಿಂದ ಎಬ್ಬಿಸಿ ಕೊಯ್ದ ಹಾಸುಗಲ್ಲು. ಅದಕ್ಕೆ ಪಾಲಿಶ್ ಹಿಡಿಸುವ ಕೆಲಸಕ್ಕೆ ಅಳಿಯ ಸೇರಿದ್ದ.

ಆದರೆ ನಾವು ಬಂದದ್ದು ಕಲ್ಲಿಗಲ್ಲ, ಮೊಮ್ಮಗಳು ಭಾಗ್ಯಳಿಗಾಗಿ. ಅವಳಿಗೆ ಸೆರೆಬ್ರಲ್ ಪಾಲ್ಸಿ. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ಕೈಕಾಲು ಅವಳ ಮಾತು ಕೇಳುವುದಿಲ್ಲ. ಇಲ್ಲಿ ಪ್ರತಿ ಗುರುವಾರ ಅಂಥ ಮಕ್ಕಳ ತಾಯಂದಿರು ಒಂದು ಕೋಣೆಯಲ್ಲಿ ಕೂಡುತ್ತಾರೆ. ವ್ಯಾಯಾಮ ಕಲಿಸುವ ಟೀಚರಬಾಯಿ ಒಬ್ಬಳು ಬರುತ್ತಾಳೆ.

ಐನಾಪುರದಲ್ಲಿ ಹತ್ತಾರು ಕೂಸುಗಳಿಗೆ ಎರೆದವಳು ನಾನು. ಕಾಲು ಚಾಚಿ, ಅದರ ಮೇಲೆ ಕೂಸನ್ನು ಮಲಗಿಸಿ, ಮೂಗು ಹಿಡಿದು ಗಂಜಿ ಹಾಕಿದರೆ ಮುಗಿಯಿತು. ಭಾಗ್ಯಳಿಗೂ ಹಾಗೇ ಹಾಕಿದೆ. ಅವಳಿಗೆ ತಿಂಗಳಿಗೊಮ್ಮೆ ಕೆಮ್ಮು, ಜ್ವರ. ನಾನು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಊರವರ ಕಣ್ಣನ್ನು ಬೈದೆ.

ನಾನು ಉಣಿಸುವುದನ್ನು ನೋಡಿದ ಕೂಡಲೇ ಟೀಚರಬಾಯಿ ನನ್ನ ಕೈ ಹಿಡಿದಳು. "ಅವ್ವಾ, ಗಂಜಿ ಹೊಟ್ಟಿಗಿ ಹೋಗವಲ್ದು, ಪುಪ್ಪುಸಕ್ಕ ಹೋಗಾಕತ್ತದ. ಕೂಡಿಸಿ ಉಣಿಸ್ರಿ. ಗದ್ದ ಕೆಳಗಿರಲಿ. ನುಂಗಿದ ಮ್ಯಾಲೆ ಇನ್ನೊಂದು ತುತ್ತು."

ಕಣ್ಣು ಯಾರದೂ ಬಿದ್ದಿರಲಿಲ್ಲ. ಅದು ನನ್ನ ಕೈಯ ಕೆಲಸ. ಮಗಳು ಶರಣಮ್ಮ ಬಟ್ಟಲನ್ನು ಮತ್ತೆ ನನ್ನ ಕೈಗೇ ಕೊಟ್ಟಳು. ಅವತ್ತಿನಿಂದ ಹೊಸದಾಗಿ ಕಲಿತೆ. ಒಂದು ಬಟ್ಟಲು ಗಂಜಿಗೆ ಅರ್ಧ ತಾಸು. ಮೂರು ತಿಂಗಳು ಭಾಗ್ಯ ಕೆಮ್ಮಲಿಲ್ಲ.

ಆ ಕೋಣೆಯಲ್ಲೇ ಶಬಾನಾ ಸಿಕ್ಕಳು. ಅವಳ ಮಗಳು ಜೋಯಾಗೆ ನಾಲ್ಕು ವರ್ಷ, ಅದೇ ಬೇನೆ. ಶಬಾನಾ ನನ್ನನ್ನು ನಾನಿ ಎನ್ನುತ್ತಾಳೆ, ತಾಯಿಯ ತಾಯಿಗೆ ಅವರು ಹೇಳುವ ಮಾತು. ಹತ್ತಿರದ ವಾಡಿ ಊರಿನಲ್ಲಿ ಅವಳ ತಂಗಿಯ ನಿಕಾಹ್ ಗೊತ್ತಾಗಿತ್ತು. ಗದ್ದಲ ಕೇಳಿದರೆ ಜೋಯಾ ಕಟ್ಟಿಗೆಯಂತೆ ಸೆಟೆದುಕೊಳ್ಳುತ್ತಾಳೆ, ಕರೆದೊಯ್ಯುವಂತಿಲ್ಲ.

"ಬಿಟ್ಟು ಹೋಗು. ನಾ ಉಣಿಸ್ತೀನಿ," ಎಂದೆ.

"ನನ್ನ ಕೈ ಬಿಟ್ರ ಯಾರ ಕೈಲೇನೂ ತಿನ್ನಲ್ರಿ ನಾನಿ. ನಾಕ್ ವರ್ಷ ಆತು, ಒಂದ್ ಮದಿವಿ ಮಾರಿ ನೋಡಿಲ್ಲ. ಆಕಿ ಉಪಾಸ ಇದ್ರ ನಾ ಅಲ್ಲಿ ಹ್ಯಾಂಗ ಉಣ್ಲಿ?"

"ಎಂಟು ದಿನ ಅದ. ದಿನಾ ನಮ್ಮ ಮನಿಗಿ ಕರ್ಕೊಂಡು ಬಾ. ತಿಂದ್ರ ಹೋಗು, ಇಲ್ಲಂದ್ರ ಬ್ಯಾಡ."

ಏಳು ದಿನ ಜೋಯಾ ಬಾಯಿ ಮುಚ್ಚಿಕೊಂಡಳು. ತೆರೆದರೆ ಉಗುಳಲಿಕ್ಕೆ. ನನ್ನ ಸೀರೆಯೆಲ್ಲ ಗಂಜಿ. ಶರಣಮ್ಮ ನಕ್ಕಳು: "ಯವ್ವಾ, ಐನಾಪುರದಾಗ ಎಲ್ಲಾರಿಗೂ ಬೈತಿದ್ದಿ. ಈಕಿಗಿ ಬೈ ನೋಡಮು!"

ಬೈಯಲಿಲ್ಲ. ಎಂಟನೆಯ ದಿನ ಶಬಾನಾ ಉಣಿಸುವುದನ್ನು ಸುಮ್ಮನೆ ನೋಡಿದೆ. ಅವಳು ಮಗುವನ್ನು ಮೂಲೆಯ ಖುರ್ಚಿಯಲ್ಲಿ ಕೂಡಿಸಿ ತಾನು ನೆಲದ ಮೇಲೆ ಕೂಡುತ್ತಿದ್ದಳು. ನಾನೋ, ಮೊಣಕಾಲು ನೋವೆಂದು ಮಂಚದ ಮೇಲೆ. ಜೋಯಾ ನನ್ನ ಮುಖ ನೋಡಲು ಕತ್ತೆತ್ತಬೇಕಿತ್ತು, ಎತ್ತಿದರೆ ನುಂಗಲು ಬಾರದು. ಟೀಚರಬಾಯಿ ಗದ್ದದ ಮಾತು ಹೇಳಿದ್ದಳು. ನಾನು ಕೂಡುವ ಜಾಗ ನನಗೇ ಹೊಳೆಯಬೇಕಿತ್ತು.

ನೆಲಕ್ಕೆ ಇಳಿದೆ. ಮೊಣಕಾಲು ಚೀರಿತು, ಚೀರಲಿ. ಚಮಚವನ್ನು ಕೆಳಗಿನಿಂದ ತಂದೆ. ಜೋಯಾ ನನ್ನನ್ನೇ ನೋಡಿದಳು, ಬಾಯಿ ತೆರೆದಳು, ನುಂಗಿದಳು. ಶಬಾನಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

"ಅಳಬ್ಯಾಡ. ಕೂಸು ನೋಡಾಕತ್ತದ. ಬಟ್ಟಿ ಇಸ್ತ್ರಿ ಮಾಡ್ಕೋ ಹೋಗು."

ಮರುದಿನ ವಾಡಿಯಿಂದ ನಾಲ್ಕು ಸಲ ಫೋನು ಬಂತು. ಕೊನೆಗೆ ನಾನೇ ಅಂದೆ: "ಬಟ್ಟಲ ಖಾಲಿ ಆಗ್ಯಾದ. ನೀ ಬಿರ್ಯಾನಿ ಉಣ್ಣು. ಇನ್ನೊಮ್ಮಿ ಫೋನ್ ಹಚ್ಚಿದ್ರ ನಾ ಎತ್ತಂಗಿಲ್ಲ." ಆಚೆ ಅವಳು ನಗುವುದು ಕೇಳಿಸಿತು. ಅವಳು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಈಗ ಗುರುವಾರ ಐದು ಮಕ್ಕಳಿಗೆ ನನ್ನ ಕೈ ಒಪ್ಪುತ್ತದೆ. ಅಷ್ಟು ಹೊತ್ತಿನಲ್ಲಿ ಒಬ್ಬ ತಾಯಿ ತಲೆಗೆ ನೀರು ಹಾಕಿಕೊಳ್ಳುತ್ತಾಳೆ, ಒಬ್ಬಳು ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗುತ್ತಾಳೆ. ಯಾರನ್ನೂ ಎಬ್ಬಿಸಗೊಡುವುದಿಲ್ಲ ನಾನು. ಈ ವಯಸ್ಸಿನಲ್ಲಿ ಇಂಥ ಕೆಲಸ ಕೈಗೆ ಹತ್ತಿದೆಯೆಂದು ನನಗೆ ಹೆಮ್ಮೆಯಿದೆ. ಯಾಕಿರಬಾರದು?

ತೊಗರಿ ರಾಶಿಗೆ ಐನಾಪುರಕ್ಕೆ ಹೋಗಿದ್ದೆ. ಹೊಲದಲ್ಲಿ ನೆರೆಯ ಕಾಶಮ್ಮ ಕೇಳಿದಳು, "ಭಾಗ್ಯ ನಡೀತಾಳೇನ ಈಗ?"

"ಇಲ್ಲ. ಕೆಮ್ಮದಂಗ ಉಣ್ತಾಳ."

"ಅಯ್ಯ, ಪಾಪ," ಎಂದಳು.

ಇದೇ ಮಾತು ಶಹಾಬಾದದ ಆ ಕೋಣೆಯಲ್ಲಿ ಹೇಳಿದ್ದರೆ ಸಕ್ಕರೆ ಹಂಚುತ್ತಿದ್ದರು. ಆದರೆ ಅಲ್ಲಿ ಯಾರಿಗೂ ನಮ್ಮ ಹೊಲದ ದಿಕ್ಕು ಗೊತ್ತಿಲ್ಲ, ನನ್ನ ಗಂಡನ ಹೆಸರು ಗೊತ್ತಿಲ್ಲ. ಕಾಶಮ್ಮನಿಗೆ ಅವೆರಡೂ ಗೊತ್ತು.

ಗುರುವಾರ ತಪ್ಪಬಾರದೆಂದು ರಾಶಿ ಅರ್ಧಕ್ಕೆ ಬಿಟ್ಟು ಬುಧವಾರದ ಬಸ್ಸಿಗೆ ಶಹಾಬಾದಿಗೆ ಬಂದೆ. ಬಿಟ್ಟು ಬಂದದ್ದು ಇನ್ನೂ ಚುಚ್ಚುತ್ತದೆ. ಉಳಿದಿದ್ದರೂ ಚುಚ್ಚುತ್ತಿತ್ತು.