ಬಿಸಿಲಲ್ಲಿ ಅಚ್ಚಾದ ಹಿನ್ನೀರು

ಮೊನ್ನೆ ಹೊಸನಗರದ ಬ್ಯಾಂಕಿನಲ್ಲಿ ಹೆಬ್ಬೆರಳು ಒತ್ತುವ ಯಂತ್ರ ನನ್ನನ್ನು ಗುರುತಿಸಲು ಒಪ್ಪಲಿಲ್ಲ. ಒರೆಸಿ ಒತ್ತಿದೆ, ಉಸಿರು ಊದಿ ಒತ್ತಿದೆ, ಎಡಗೈಯನ್ನೂ ಒತ್ತಿದೆ. ಕೌಂಟರಿನ ಹುಡುಗಿ ಕೊನೆಗೆ ನನ್ನ ಬೆರಳನ್ನು ಹತ್ತಿರ ಎಳೆದುಕೊಂಡು ನೋಡಿದಳು. ಉಗುರಿನ ಸುತ್ತ ಕಡುನೀಲಿ ಬಣ್ಣ ಕಟ್ಟಿಕೊಂಡಿತ್ತು. "ಎಂತ ಸರ್, ಮನೆಗೆ ಪೇಂಟಾ?" ಎಂದು ಕೇಳಿದಳು. ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಫೋಟೋ ಅಚ್ಚು ಹಾಕುತ್ತಿದ್ದೆ ಎಂದೆ. ಈ ಕಾಲದಲ್ಲಿ ಕೈಗೆ ಬಣ್ಣ ಮೆತ್ತಿಕೊಂಡು ಫೋಟೋ ಅಚ್ಚು ಹಾಕುವವರು ಯಾರು ಎಂಬಂತೆ ಅವಳು ನಕ್ಕಳು. ಅವಳದು ತಪ್ಪಲ್ಲ. ಲಲಿತಕ್ಕನ ಪರಿಚಯ ಆಗುವ ಮೊದಲು ನಾನೂ ಹಾಗೆಯೇ ನಗುತ್ತಿದ್ದೆ.

ಲಲಿತಕ್ಕ ನಮ್ಮ ಬೀದಿಯ ಕೊನೆಯ ಮನೆಗೆ ಬಂದು ನೆಲೆಸಿದ್ದು ನಾನು ನಿವೃತ್ತನಾದ ವರ್ಷ. ನನಗಿಂತ ಸ್ವಲ್ಪ ದೊಡ್ಡವರು, ಒಂಟಿ, ದಪ್ಪ ಕನ್ನಡಕ, ಸೀರೆಯ ಮೇಲೊಂದು ಗಂಡಸರ ಅಂಗಿ, ಓಡಾಡಲು ಹಳೆಯ ಸ್ಕೂಟರು. ಒಂದು ಬೆಳಿಗ್ಗೆ ನಮ್ಮನೆಗೆ ಬಂದು, ರಸಾಯನಶಾಸ್ತ್ರದ ಮೇಷ್ಟ್ರು ನೀವೇ ತಾನೇ, ನನಗೆ ಪೊಟ್ಯಾಸಿಯಂ ಫೆರಿಸಯನೈಡ್ ಎಲ್ಲಿ ಸಿಗುತ್ತೆ ಹೇಳಿ ಎಂದರು. ಹೆಸರಿನ ಕೊನೆಯ ಭಾಗ ಕೇಳಿ ನನ್ನ ಹೆಂಡತಿ ಕಾಫಿ ಲೋಟ ಹಿಡಿದಲ್ಲೇ ನಿಂತಳು. ಅದು ಆ ಜಾತಿಯ ಸಯನೈಡ್ ಅಲ್ಲವೆಂದು ಮೂವತ್ತು ವರ್ಷ ಪಾಠ ಹೇಳಿದ ನನಗೆ ಗೊತ್ತಿತ್ತು. ಗೊತ್ತಿದ್ದೂ, ಒಂಟಿ ಹೆಂಗಸು, ಏನಾದರೂ ಮನಸ್ಸಿಗೆ ಬೇಜಾರಾಗಿದೆಯಾ ಎಂದು ವಿಚಾರಿಸಿಬಿಟ್ಟೆ. ಲಲಿತಕ್ಕ ಕಾಫಿ ಕುಡಿದು ಮುಗಿಸುವವರೆಗೂ ನಕ್ಕರು.

ಆಮೇಲೆ ವಿಷಯ ಹೇಳಿದರು. ಹರೆಯದಲ್ಲಿ ಅವರು ಮಾಸ್ತಿಕಟ್ಟೆಯಲ್ಲಿ, ಮಾಣಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ, ಟ್ರೇಸರ್ ಆಗಿದ್ದರು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಗೆರೆಗೆ ಗೆರೆ ಕೂಡಿಸಿ ಇಂಕಿನಲ್ಲಿ ಎಳೆಯುವ ಕೆಲಸ. ನಕಲು ತೆಗೆಯುವ ಯಂತ್ರ ಕೆಟ್ಟಾಗ ಅಲ್ಲಿನ ಹಿರಿಯರೊಬ್ಬರು ಹಳೆಯ ಪದ್ಧತಿಯಲ್ಲಿ ಬಿಸಿಲಿನಲ್ಲೇ ಅಚ್ಚು ತೆಗೆಯುತ್ತಿದ್ದರಂತೆ. ಎರಡು ಲವಣಗಳನ್ನು ನೀರಿನಲ್ಲಿ ಕರಗಿಸಿ, ಕತ್ತಲೆ ಕೋಣೆಯಲ್ಲಿ ಕಾಗದಕ್ಕೆ ಹಚ್ಚಿ ಒಣಗಿಸುವುದು. ಅದರ ಮೇಲೆ ನಕ್ಷೆ, ನಕ್ಷೆಯ ಮೇಲೆ ಗಾಜು ಇಟ್ಟು ಅಂಗಳಕ್ಕೆ ತರುವುದು. ಬಿಸಿಲು ತಾಗಿದ ಕಡೆ ನೀಲಿಯಾಗುತ್ತದೆ, ತಾಗದ ಕಡೆ ನೀರಿನಲ್ಲಿ ತೊಳೆದುಹೋಗಿ ಬೆಳ್ಳಗೆ ಉಳಿಯುತ್ತದೆ. ಅದೇ ವಿಧಾನದಲ್ಲಿ ಈಗ ನಕ್ಷೆಯ ಬದಲು ಫೋಟೋದ ನೆಗೆಟಿವ್ ಇಟ್ಟು ನೆಲದ ಚಿತ್ರಗಳನ್ನು ಅಚ್ಚು ಹಾಕಬೇಕು ಎನ್ನುವುದು ಅವರ ಆಸೆ. ಎಲ್ಲಿಯ ನೆಲ ಎಂದು ಕೇಳಿದೆ. ಹಿನ್ನೀರಿನ ಅಂಚು ಎಂದರು. ನೀರು ಎಲ್ಲಿಯವರೆಗೆ ಬರುತ್ತದೆ ಎಂಬ ಗೆರೆಯನ್ನು ಇಪ್ಪತ್ತರ ವಯಸ್ಸಿನಲ್ಲಿ ಇಂಕಿನಲ್ಲಿ ಎಳೆದವರು ಅವರು. ಆ ಗೆರೆಯ ಮೇಲೆ ಒಂದು ದಿನವೂ ಕಾಲಿಟ್ಟು ನಡೆದಿರಲಿಲ್ಲ.

ನಾನು ಸೇರಿಕೊಂಡದ್ದು ಸಹಾಯಕ್ಕೆಂದು. ಆದದ್ದು ಬೇರೆ. ನಮ್ಮನೆಯ ಬಚ್ಚಲು ಕೋಣೆ ಪ್ರಯೋಗಶಾಲೆಯಾಯಿತು, ಹೆಂಡತಿ ಮಾತು ಬಿಟ್ಟಳು, ಬಕೆಟ್ಟುಗಳೆಲ್ಲ ನೀಲಿಯಾದವು. ಇಬ್ಬರೂ ಸೇರಿ ಹಾಳು ಮಾಡಿದ ಕಾಗದಕ್ಕೆ ಲೆಕ್ಕವಿಲ್ಲ. ಒಮ್ಮೆ ಬಿಸಿಲು ಹೆಚ್ಚಾಗಿ ಗುಡ್ಡವೂ ಆಕಾಶವೂ ಒಂದೇ ಶಾಯಿಯ ಮುದ್ದೆಯಾಗುತ್ತಿತ್ತು. ಮತ್ತೊಮ್ಮೆ ಮೋಡ ಬಂದು ಕಾಗದದ ಮೇಲಿನದೆಲ್ಲ ನೀರಿನಲ್ಲಿ ಕರಗಿ ಹೋಗುತ್ತಿತ್ತು. ಲಲಿತಕ್ಕನ ಅಚ್ಚುಗಳು ಬೇಗ ಹದಕ್ಕೆ ಬಂದವು. ನನ್ನವು ಬರಲೇ ಇಲ್ಲ ಎನ್ನಬಹುದು. ನಾನು ಅಚ್ಚು ಹಾಕಿದ ಕೊಡಚಾದ್ರಿಯನ್ನು ನೋಡಿದ ನೆಂಟರೊಬ್ಬರು ಎಮ್ಮೆ ಚೆನ್ನಾಗಿ ಬಂದಿದೆ ಎಂದಿದ್ದರು.

ಆದರೆ ತಿರುಗಾಟದ ಸುಖವೇ ಸುಖ. ಬೇಸಿಗೆಯಲ್ಲಿ ನೀರು ಇಳಿದಾಗ ಲಲಿತಕ್ಕ ಸ್ಕೂಟರು ಹೊರಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾನು, ಒಂದು ಕೈಯಲ್ಲಿ ಕ್ಯಾಮೆರಾ ಚೀಲ, ಇನ್ನೊಂದರಲ್ಲಿ ಕೊಡೆ. ಹೆಂಗಸು ಗಾಡಿ ಬಿಡುವುದು, ಹಿಂದೆ ಮೇಷ್ಟ್ರು ಕೊಡೆ ಹಿಡಿದು ಕೂರುವುದು ಹೊಸನಗರಕ್ಕೆ ಸ್ವಲ್ಪ ದಿನ ಮಾತಿಗೆ ವಸ್ತುವಾಯಿತು, ಆಮೇಲೆ ಅಭ್ಯಾಸವಾಯಿತು. ಮಾಣಿ ಜಲಾಶಯದ ಅಂಚು ಮುಗಿಸಿ ಒಂದು ಸಲ ಬ್ಯಾಕೋಡಿನ ಕಡೆಗೂ ಹೋದೆವು. ಆ ನೀರು ಬೇರೆ, ಶರಾವತಿಯದು. ಅದರ ನಕ್ಷೆಗೂ ಲಲಿತಕ್ಕನಿಗೂ ಸಂಬಂಧವಿಲ್ಲ. ಆದರೂ ಒಣಗಿದ ಮರದ ಬೊಡ್ಡೆಗಳು, ಬಾವಿಯ ಬಾಯಿ, ಎಲ್ಲಿಗೂ ಹತ್ತದ ಮೆಟ್ಟಿಲು ಎಲ್ಲ ಕಡೆ ಒಂದೇ ತರ. ಅಲ್ಲಿಯ ಹೋಟೆಲಿನ ಮೀನುಸಾರಿನ ವಾಸನೆಗೆ ನಾನು ಮನಸ್ಸಿನಲ್ಲೇ ಜಾತಿಭ್ರಷ್ಟನಾದದ್ದು ಬೇರೆ ಕಥೆ, ಅದು ಇಲ್ಲಿ ಬೇಡ.

ಸಾಕಷ್ಟು ಅಚ್ಚುಗಳು ಕೂಡಿದ ಮೇಲೆ ಸಾಗರದಲ್ಲಿ ಒಂದು ಸಣ್ಣ ಸಭಾಂಗಣ ಹಿಡಿದು ಪ್ರದರ್ಶನಕ್ಕೆ ಇಟ್ಟೆವು. ಬಾಗಿಲಲ್ಲಿ ಹಾಕಲು ಲಲಿತಕ್ಕ ಒಂದು ಫಲಕ ಬರೆದರು. ಮಾಣಿಯ ಮುಳುಗಡೆಯ ನಕ್ಷೆಯನ್ನು ಟ್ರೇಸ್ ಮಾಡಿದವಳು ನಾನು, ಈಗ ಅದೇ ಗೆರೆಯ ಮೇಲೆ ನಡೆದು ಇವನ್ನು ತೆಗೆದಿದ್ದೇನೆ ಎಂದು. ನಾನು ಬೇಡವೆಂದೆ. ಈ ಊರಿನಲ್ಲಿ ಮನೆ ಕಳೆದುಕೊಂಡವರು ಬೀದಿಗೊಬ್ಬರು ಇದ್ದಾರೆ, ಸುಮ್ಮನೆ ಯಾಕೆ ಜಗಳ ಕರೆಯುತ್ತೀರಿ ಎಂದೆ. "ಹೆಸರು ಹಾಕ್ದೆ ಚಿತ್ರ ಇಟ್ರೆ ಅದು ಪ್ರವಾಸದ ಕ್ಯಾಲೆಂಡರು ಆಗ್ತು, ಮೇಷ್ಟ್ರೆ" ಎಂದಷ್ಟೇ ಹೇಳಿ ಮೊಳೆ ಹೊಡೆದರು.

ಜಗಳವೇನೂ ಆಗಲಿಲ್ಲ. ಬಂದವರಲ್ಲಿ ಹೆಚ್ಚಿನವರಿಗೆ ಇದ್ದ ಅನುಮಾನ ಒಂದೇ: ಪ್ರಿಂಟರಿನಲ್ಲಿ ಬೇರೆ ಬಣ್ಣ ಖಾಲಿಯಾಗಿತ್ತಾ? ಪ್ರತಿಯೊಬ್ಬರಿಗೂ ನಾನು ಕಬ್ಬಿಣದ ಲವಣದ ಪಾಠ ಶುರು ಮಾಡುತ್ತಿದ್ದೆ, ಅವರು ವಾಚು ನೋಡಿಕೊಳ್ಳುತ್ತಿದ್ದರು.

ಕೊನೆಯ ದಿನ ಮಧ್ಯಾಹ್ನ ಭವಾನಮ್ಮ ಬಂದರು. ತೀರ್ಥಹಳ್ಳಿ ಕಡೆಯ ಗೌಡರ ಮನೆಯವರು. ಸೊಸೆಯ ಜೊತೆ ವರದಹಳ್ಳಿಯ ಆಶ್ರಮಕ್ಕೆ ಹೋಗಿ ವಾಪಸು ಬಸ್ಸಿಗೆ ಕಾಯುವಾಗ, ಫ್ಯಾನಿನ ಗಾಳಿಗೆಂದು ಒಳಗೆ ಬಂದದ್ದು. ಲಲಿತಕ್ಕನ ವಯಸ್ಸೇ ಇರಬಹುದು. ಸೊಸೆ ಬಾಗಿಲ ಫಲಕವನ್ನು ಜೋರಾಗಿ ಓದಿ ಹೇಳಿದಳು. ಭವಾನಮ್ಮ ತಿರುಗಿ ಲಲಿತಕ್ಕನನ್ನು ನೋಡಿದರು. ನಾನು ಕುರ್ಚಿಯಿಂದ ಎದ್ದೆ. ಏಳುವುದರಿಂದ ಏನು ಪ್ರಯೋಜನ ಎಂದು ನನಗೆ ಗೊತ್ತಿರಲಿಲ್ಲ, ಆದರೂ ಎದ್ದೆ.

ಭವಾನಮ್ಮ ಗೋಡೆಯ ಉದ್ದಕ್ಕೂ ಒಂದೊಂದೇ ಚಿತ್ರದ ಹತ್ತಿರ ಮುಖ ತಂದು ನೋಡುತ್ತ ಹೋದರು. ಕೊನೆಗೆ ಲಲಿತಕ್ಕನ ಎದುರು ಬಂದು, "ಇದ್ರಲ್ಲಿ ಹುಣಸೆಜಡ್ಡು ಇಲ್ಲ" ಎಂದರು. ಹುಣಸೆಜಡ್ಡು ಅವರು ಮದುವೆಯಾಗಿ ಹೋದ ಊರು, ಊರೆಂದರೆ ಅವರದೂ ಸೇರಿ ನಾಲ್ಕಾರು ಮನೆ. ಮಾಣಿಯ ನೀರಿನಲ್ಲಿ ಮುಳುಗಿತು. ಅಲ್ಲಿಂದ ಎದ್ದು ಬರುವಾಗ ಯಾರ ಹತ್ತಿರವೂ ಕ್ಯಾಮೆರಾ ಇರಲಿಲ್ಲ. ಮನೆಯ ಒಂದು ಫೋಟೋ ಕೂಡ ಇಲ್ಲ, ಮಕ್ಕಳಿಗೆ ತೋರಿಸಲು ಏನೂ ಇಲ್ಲ ಎಂದು ಸೊಸೆ ವಿವರಿಸಿದಳು. ಬೇಸಿಗೆಯ ಕೊನೆಯಲ್ಲಿ ನೀರು ತೀರಾ ಇಳಿದರೆ ಅವರ ಮನೆಯ ಕಣದ ಕಲ್ಲು ಕಾಣುವುದುಂಟಂತೆ. ಅದನ್ನು ತೆಗೆದು ಕೊಡುತ್ತೀರಾ ಎಂದು ಭವಾನಮ್ಮ ಕೇಳಿದರು. ಲಲಿತಕ್ಕ ತಕ್ಷಣ ಒಪ್ಪಿಕೊಂಡರು.

ಆ ಮೇ ತಿಂಗಳಲ್ಲಿ ಹೋದೆವು. ಆ ದಿನ ಸ್ಕೂಟರು ಬಿಟ್ಟು ಜೀಪು ಮಾಡಿಕೊಂಡಿದ್ದೆವು. ಕಾಡಿನ ದಾರಿ ಮುಗಿದಲ್ಲಿ ಭವಾನಮ್ಮ ಎಲ್ಲರಿಗಿಂತ ಮುಂದೆ ಇಳಿದು ಹೋಗಿ, ಕೆಂಪು ಮಣ್ಣಿನ ದಡದಲ್ಲಿ ನಿಂತುಬಿಟ್ಟರು. ಆ ವರ್ಷ ನೀರು ಅಷ್ಟು ಇಳಿದಿರಲಿಲ್ಲ. ಎದುರಿಗೆ ಇದ್ದದ್ದು ಬರೀ ನೀರು, ಅದರ ಮೇಲೆ ಸಣ್ಣ ಗಾಳಿ. ಕಲ್ಲು ಇಲ್ಲ, ಬೊಡ್ಡೆ ಇಲ್ಲ, ಏನೂ ಇಲ್ಲ.

ಬಂದದ್ದು ದಂಡವಾಯಿತು ಎಂದು ನಾನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಇಬ್ಬರು ಹೆಂಗಸರೂ ದಡದಲ್ಲಿ ಕುಳಿತುಕೊಂಡರು. ಭವಾನಮ್ಮ ಕೈ ಚಾಚಿ ತೋರಿಸುತ್ತ, ಕಣ ಎಲ್ಲಿ, ಗದ್ದೆಗೆ ಇಳಿಯುವ ದಾರಿ ಎಲ್ಲಿ, ಅತ್ತೆ ಕೋಳಿಗೂಡು ಕಟ್ಟಿಸಿದ್ದೆಲ್ಲಿ ಎಂದು ಹೇಳುತ್ತ ಹೋದರು. ಲಲಿತಕ್ಕ ಕೇಳಿಕೊಂಡರು. ಹೇಳುವುದೆಲ್ಲ ಮುಗಿದ ಮೇಲೆ ಭವಾನಮ್ಮ ನೀರನ್ನೇ ನೋಡುತ್ತ ಕೇಳಿದರು.

"ಗೆರೆ ಎಳೆವಾಗ, ಅಲ್ಲಿ ಮನೆ ಇದಾವೆ ಅಂತ ನಿಮಗೆ ಗೊತ್ತಿತ್ತಾ?"

ಲಲಿತಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಗೊತ್ತಿತ್ತು. ಮನೆ ಇದ್ದಲ್ಲಿ ಒಂದು ಸಣ್ಣ ಕಪ್ಪು ಚೌಕ ಹಾಕಬೇಕಿತ್ತು. ಹಾಕಿದ್ದೆ."

"ಹುಣಸೆಜಡ್ಡಿಗೂ ಹಾಕಿದ್ರಾ?"

"ಎಲ್ಲ ಮನೆಗೂ ಹಾಕಿದ್ದೆ. ಹೆಸರು ನೆನಪಿಲ್ಲೆ, ಭವಾನಮ್ಮ. ಸುಳ್ಳು ಹೇಳೂಲೆ ಆಗ್ತಿಲ್ಲೆ."

ನೀರಿನ ಆಚೆಯಿಂದ ಒಂದು ಮಂಗಟ್ಟೆಹಕ್ಕಿ ಭಾರವಾಗಿ ರೆಕ್ಕೆ ಬಡಿಯುತ್ತ ದಾಟಿಹೋಯಿತು. ಆಮೇಲೆ ಭವಾನಮ್ಮ ನಿಧಾನವಾಗಿ ಹೇಳಿದರು: "ಹಂಗಾದ್ರೆ ನಮ್ಮನೆ ಚಿತ್ರ ಬರೆದೋರು ನೀವೊಬ್ರೆ."

ಆ ಮಾತಿನಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಲಲಿತಕ್ಕನಿಗೆ ಅಳು ಬಂತು. ಅವರು ಅಳುವುದನ್ನು ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಅದೊಂದೇ ಸಲ. ಭವಾನಮ್ಮ ಸಮಾಧಾನವೇನೂ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಪಕ್ಕದಲ್ಲೇ ಕುಳಿತಿದ್ದು, ಅಳು ನಿಂತ ಮೇಲೆ, ಬಂದಿದ್ದೀರಲ್ಲ, ಈ ನೀರನ್ನೇ ತೆಗೀರಿ ಎಂದರು. ಬರೀ ನೀರಾ ಎಂದು ನಾನು ಬಾಯಿ ಹಾಕಿದೆ. ಲಲಿತಕ್ಕ ಆಗಲೇ ಕ್ಯಾಮೆರಾ ಚೀಲ ಬಿಚ್ಚುತ್ತಿದ್ದರು.

ಆ ಚಿತ್ರವನ್ನು ಭವಾನಮ್ಮನ ಮನೆಯ ಅಂಗಳದಲ್ಲೇ ಅಚ್ಚು ಹಾಕಿದೆವು. ಬಿಸಿಲಿಗೆ ಇಟ್ಟ ಕಾಗದ ಹಸಿರಾಗಿ, ಬೂದಿಯಾಗಿ, ಕಂಚಿನ ಬಣ್ಣಕ್ಕೆ ತಿರುಗಿತು. ತೊಳೆಯುವ ಕೆಲಸ ಲಲಿತಕ್ಕ ಅವರಿಗೇ ಬಿಟ್ಟರು. ಅಕ್ಕಿ ತೊಳೆಯುವ ಹದದಲ್ಲಿ ಭವಾನಮ್ಮ ಕಾಗದವನ್ನು ನೀರಿನಲ್ಲಿ ಆಡಿಸಿದರು. ಹಳದಿ ಬಿಟ್ಟುಕೊಂಡು ನೀಲಿ ಮೇಲೆದ್ದಿತು, ಅಲೆಗಳ ತುದಿ ಮಾತ್ರ ಬಿಳಿ. ಅದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು.

ಮರುವರ್ಷ ತೀರ್ಥಹಳ್ಳಿಯಲ್ಲಿ ಪ್ರದರ್ಶನ ಮಾಡಿದಾಗ ಅವರೇ ಆ ಚಿತ್ರವನ್ನು ಹಳೆ ಸೀರೆಯಲ್ಲಿ ಸುತ್ತಿ ತಂದರು. ಚಿತ್ರದ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಇಡೀ ದಿನ ಕುಳಿತರು. ಬಂದವರಿಗೆಲ್ಲ ಗಾಜಿನ ಮೇಲೆ ಬೆರಳಿಟ್ಟು, ಇದು ಜಗಲಿ, ಇದು ಹಿತ್ಲ ಬಾಗಿಲು, ನನ್ನ ದೊಡ್ಡ ಮಗ ಬಿದ್ದು ಹಲ್ಲು ಮುರಕಂಡಿದ್ದು ಇಲ್ಲಿ ಎಂದು ಹೇಳಿದರು. ಜನ ನೀಲಿ ಬಿಟ್ಟರೆ ಬೇರೇನೂ ಇಲ್ಲದ ಆ ಜಾಗವನ್ನು ಬಗ್ಗಿ ಬಗ್ಗಿ ನೋಡಿದರು. ಬಣ್ಣ ಯಾಕೆ ಒಂದೇ ಎಂದು ಅವತ್ತು ಒಬ್ಬರೂ ಕೇಳಲಿಲ್ಲ. ನನ್ನ ಕಬ್ಬಿಣದ ಲವಣದ ಪಾಠ ಹಾಗೇ ಉಳಿಯಿತು. ಒಳ್ಳೆಯ ಚಿತ್ರದಲ್ಲಿ ಇಂತಿಂಥದ್ದು ಕಾಣಬೇಕು ಎಂದು ನನಗೆ ಒಂದಷ್ಟು ಖಚಿತ ಅಭಿಪ್ರಾಯಗಳಿದ್ದವು. ಅವನ್ನು ಯಾರ ಮುಂದೂ ಹೇಳುವುದನ್ನು ಆ ದಿನದಿಂದ ಬಿಟ್ಟಿದ್ದೇನೆ.

ಮೊನ್ನೆ ಬ್ಯಾಂಕಿನ ಕೆಲಸ ಆಗದೆ ಮನೆಗೆ ಬಂದರೆ ಲಲಿತಕ್ಕ ಜಗಲಿಯಲ್ಲಿ ಫೋನ್ ಹಿಡಿದು ಕುಳಿತಿದ್ದರು. ಆ ಕಡೆ ಭವಾನಮ್ಮ. ಈ ವರ್ಷ ನೀರು ತಳ ಕಂಡಿದೆಯಂತೆ, ಹುಣಸೆಜಡ್ಡಿನ ಕಣ ಪೂರ್ತಿ ಮೇಲೆ ಬಂದಿದೆ ಎಂದು ಮೀನು ಹಿಡಿಯುವವರು ಹೇಳಿದರಂತೆ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫೋನ್ ಇಸಿದುಕೊಂಡು, ನಾಳೆಯೇ ಹೊರಡೋಣ, ಇಷ್ಟು ವರ್ಷದ ಮೇಲೆ ನಿಮ್ಮ ಚಿತ್ರ ಸಿಕ್ಕಿತು ಎಂದೆ.

"ಚಿತ್ರ ಇದ್ಯಲ್ಲ ಮೇಷ್ಟ್ರೆ, ಗೋಡೆ ಮೇಲೆ" ಎಂದರು ಭವಾನಮ್ಮ. "ಕ್ಯಾಮೆರಾ ತರಬ್ಯಾಡಿ. ಸುಮ್ನೆ ಹೋಗಿ ಬರಾಣ."

ನಿನ್ನೆ ಹೋಗಿ ಬಂದೆವು. ಬಿರಿದ ಕೆಸರಿನ ಮೇಲೆ ಬಹಳ ದೂರ ನಡೆದ ಮೇಲೆ ಕಣದ ಕಲ್ಲುಗಳು ಸಿಕ್ಕವು. ಅದರಾಚೆ ಮೊಣಕಾಲು ಮಟ್ಟದ ಕಲ್ಲುಗೋಡೆಯ ಗುರುತು. ಕೈಗೆ ಕೆಲಸವಿಲ್ಲದೆ ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ. ಭವಾನಮ್ಮ ಒಂದು ಕಡೆ ನಿಂತು, ಚಪ್ಪಲಿ ಕಳಚಿ ಜೋಡಿಸಿಟ್ಟು, ಗೋಡೆಯ ಆಚೆ ಕಾಲಿಟ್ಟರು. ಲಲಿತಕ್ಕ ಹೊರಗೇ ನಿಂತಿದ್ದರು. ಮುಂದೆ ಹೋಗಬೇಕೋ ಬೇಡವೋ ಎಂದು ತಿಳಿಯದೆ ಗೋಡೆಯ ಗುರುತನ್ನೇ ನೋಡುತ್ತಿದ್ದರು.

ಭವಾನಮ್ಮ ತಿರುಗಿ ನೋಡಿದರು.

"ಅಲ್ಲೇ ಎಂತಕ್ಕೆ ನಿಂತ್ರಿ ಲಲಿತಮ್ಮ, ಬಿಸಿಲಲ್ಲಿ? ಒಳಗೆ ಬನ್ನಿ."

ಲಲಿತಕ್ಕ ಚಪ್ಪಲಿ ಬಿಟ್ಟರು. ಅವರ ಹಿಂದೆ ನಾನೂ ಬಿಟ್ಟು ಒಳಗೆ ಹೋದೆ.