ಎತ್ತಿ ಎತ್ತಿ ಹಾಳು ಮಾಡಿದ್ದು

ಸ್ನಾನ ಮುಗಿಸಿ ಬಚ್ಚಲಿನ ಬಾಗಿಲು ತೆರೆದರೆ, ನಾನು ಕಾಣಿಸಲಿಲ್ಲವೆಂದು ಹತ್ತು ತಿಂಗಳ ಮಗಳು ಹೊರಗೆ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ವೇಣೂರಿನಿಂದ ನರಿಕೊಂಬಿನ ನಮ್ಮ ಮನೆಗೆ ನಾಲ್ಕು ದಿನ ಇರಲೆಂದು ಬಂದಿದ್ದ ಗಂಡನ ದೊಡ್ಡಮ್ಮ ಮೂಗು ಮುರಿದರು.

“ಎತ್ತಿ ಎತ್ತಿ ನೀನೇ ಹಾಳು ಮಾಡಿದ್ದು. ಹಿಂದಿನ ಬಾಗಿಲಿನಿಂದ ಕದ್ದು ಹೋಗು. ಎರಡು ದಿನ ಕೂಗಿ ತನ್ನಷ್ಟಕ್ಕೇ ಸುಮ್ಮನಾಗ್ತದೆ.”

ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಕಿವಿ ಮಂದವಾದ್ದರಿಂದ ಸ್ಪೀಕರಿನಲ್ಲಿಟ್ಟರು. ಊರಿನಿಂದ ದೊಡ್ಡಪ್ಪ, ಬೆಳಗಿನಿಂದ ಎಷ್ಟನೆಯ ಸಲವೋ!

“ನನ್ನ ಬೈರಾಸು ಎಲ್ಲಿ ಉಂಟು ಮಾರಾಯ್ತಿ? ಮೈಯೆಲ್ಲ ಒದ್ದೆ. ನೀನು ಯಾವಾಗ ಬರುವುದು?”

ದೊಡ್ಡಮ್ಮ ಚೀಲ ತುಂಬಿಸಿ ಮಧ್ಯಾಹ್ನದ ಬಸ್ಸಿಗೇ ಹೊರಟರು.

ನನ್ನ ಮಗಳು ಎರಡು ವರ್ಷ ತುಂಬುವಷ್ಟರಲ್ಲಿ ಸರಿಹೋದಾಳು. ದೊಡ್ಡಪ್ಪನಿಗೆ ಈಗಾಗಲೇ ಎಪ್ಪತ್ತೆರಡು.